ಬಾಗಿಲ ದೀಪ ಆರಿಸಬೇಡಿ, ತಂಗಿ

ಪ್ರಿಯ ತಂಗಿ,

ಹ್ಯೂಸ್ಟನ್‌ಗೆ ಬಂದು ಎರಡೇ ತಿಂಗಳು, ಮನೆಯ ಬಳಿಯ ಬ್ಯಾಪ್ಟಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಚರ್ಚಿನವರು ಅಕ್ಟೋಬರ್ 31ರ ಸಂಜೆ 'ಟ್ರಂಕ್ ಆರ್ ಟ್ರೀಟ್'ಗೆ ಕರೆದಿದ್ದಾರೆ, ಕೆಥೋಲಿಕರಾದ ನಾವು ಹೋಗಬಹುದೇ, ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹ್ಯಾಲೋವೀನ್ ಬೇಡವೆಂದರೆ ಏಳು ವರ್ಷದ ಮಗಳು ಶಾಲೆಯಲ್ಲಿ ಒಂಟಿಯಾಗುವಳೇ ಎಂದು ಕೇಳಿದ್ದೀರಿ.

ಖಂಡಿತ ಹೋಗಿ. ಚರ್ಚಿನ ಅಂಗಳದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ಒಂದರಲ್ಲಿ ನೋಹನ ನಾವೆ, ಇನ್ನೊಂದರಲ್ಲಿ ಯೋನನನ್ನು ನುಂಗಿದ ಮೀನು ಎಂದೆಲ್ಲ ಅಲಂಕರಿಸಿರುತ್ತಾರೆ. ಮಕ್ಕಳು ಚೀಲ ಹಿಡಿದು ಕಾರಿನಿಂದ ಕಾರಿಗೆ ಹೋಗಿ ಮಿಠಾಯಿ ಪಡೆಯುತ್ತಾರೆ. ಸಾಮಾನ್ಯವಾಗಿ ಹಣ ಕೇಳುವುದಿಲ್ಲ, ಯಾವ ಪಂಗಡದವರೆಂದೂ ಕೇಳುವುದಿಲ್ಲ. ನರಕದ ದೃಶ್ಯ ತೋರಿಸಿ ಹದಿಹರೆಯದವರನ್ನು ಹೆದರಿಸುವ 'ಹೆಲ್ ಹೌಸ್' ನಡೆಸುವ ಚರ್ಚುಗಳೂ ಇವೆ. ಅಲ್ಲಿಗೆ ಮಗಳನ್ನು ಕರೆದೊಯ್ಯಬೇಡಿ. ಶಾಲೆಯಲ್ಲಿ ಹ್ಯಾಲೋವೀನ್ ಬೇಡವೆಂದಾದರೆ ಟೀಚರಿಗೆ ಮೊದಲೇ ತಿಳಿಸಿದರೆ ಸಾಕು.

ಇಷ್ಟನ್ನು ನನಗೆ ಹೇಳುವವರು ಇರಲಿಲ್ಲ. 2006ರಲ್ಲಿ ಕಾರ್ಕಳದಿಂದ ಅಮೆರಿಕಕ್ಕೆ ಬಂದಾಗ ನನ್ನ ಮಗನಿಗೂ ಏಳು ವರ್ಷ. ಅಂಗಡಿಗಳ ತುಂಬ ಅಸ್ಥಿಪಂಜರ ಕಂಡು ಇದು ಸೈತಾನನ ಹಬ್ಬವೆಂದೇ ತೀರ್ಮಾನಿಸಿದೆ. ಆ ಸಂಜೆ ಮಿಠಾಯಿ ಕೇಳುವ ಮಕ್ಕಳು ಬರದಿರಲೆಂದು ಹೊರಗಿನ ದೀಪ ಆರಿಸಿ, ಪರದೆ ಎಳೆದು, ಜಪಸರ ಹಿಡಿದು ಕುಳಿತೆ. ಕರೆಗಂಟೆ ಮೂರು ಬಾರಿ ಸದ್ದು ಮಾಡಿತು. ಪರದೆಯ ಸಂದಿಯಿಂದ ಇಣುಕಿದ ಮಗ, "ಅಮ್ಮಾ, ಪಕ್ಕದ ಮನೆಯ ಆಂಟಿ ಬಂದಿದ್ದಾರೆ. ನಾವು ಮನೆಯಲ್ಲಿದ್ದೇವಲ್ಲಾ?" ಎಂದ. ನಾವು ಬಂದ ಮೊದಲ ವಾರ ಬಿಸಿ ಬ್ರೆಡ್ ತಂದುಕೊಟ್ಟಿದ್ದ ಹೆಂಗಸು ಆಕೆ. ಎರಡು ಪುಟ್ಟ ಮಕ್ಕಳ ಕೈ ಹಿಡಿದು ಸ್ವಲ್ಪ ಹೊತ್ತು ನಿಂತು ಹಿಂತಿರುಗಿದಳು. ಯಾರು ಬಂದರೂ ನೀರು ಬೆಲ್ಲ ಕೊಡದೆ ಕಳುಹಿಸದ ಮನೆಯಲ್ಲಿ ಬೆಳೆದವಳು ನಾನು. ಕ್ಷಮೆ ಕೇಳಬೇಕೆಂದು ದಿನ ತಳ್ಳುತ್ತಲೇ ಹೋದೆ. ಮುಂದಿನ ಬೇಸಿಗೆಯಲ್ಲಿ ಅವರು ಮನೆ ಬಿಟ್ಟು ಬೇರೆ ಊರಿಗೆ ಹೋದರು. ಇಂದಿಗೂ ಅಕ್ಟೋಬರ್ ಬಂದರೆ ಆ ಗಂಟೆ ಕೇಳಿಸುತ್ತದೆ.

ಮಗನ ಕೈಯಿಂದ ಒಂದು ಹಬ್ಬವನ್ನು ಕಿತ್ತುಕೊಂಡಿದ್ದೆ, ಬದಲಿಗೆ ಏನನ್ನೂ ಕೊಟ್ಟಿರಲಿಲ್ಲ. ಹ್ಯಾಲೋವೀನ್ ಎಂಬ ಹೆಸರೇ ಸಕಲ ಸಂತರ ಹಬ್ಬದ ಮುನ್ನಾದಿನದ್ದು, ಅಂದರೆ ನವೆಂಬರ್ 1ರ ನಮ್ಮದೇ ಹಬ್ಬದಿಂದ ಬಂದದ್ದು ಎಂದು ಇಲ್ಲಿನ ಧರ್ಮಗುರುಗಳು ಹೇಳಿದ ಮೇಲೆಯೇ ಗೊತ್ತಾಯಿತು. ಮರುವರ್ಷ ಇಗರ್ಜಿಯಲ್ಲಿ ಮಕ್ಕಳು ಸಂತರ ವೇಷ ಹಾಕುವ ಸಂಜೆಗೆ ಅವನನ್ನು ಸಂತ ಲಾರೆನ್ಸ್ ಮಾಡಿದೆ. ಆ ಸಂತರನ್ನು ಸುಟ್ಟು ಕೊಂದರೆಂಬ ಕಬ್ಬಿಣದ ಜಾಲರಿಯನ್ನು ರಟ್ಟಿನಲ್ಲಿ ಕತ್ತರಿಸಿಕೊಟ್ಟೆ. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಜಾತ್ರೆಯಾದ ಸಾಂತ್‌ಮಾರಿ ನೋಡಿದ ನಿಮಗೆ ಜಾಲರಿಯ ಕಥೆ ಹೇಳಬೇಕಾಗಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಅವನೇ ನಿಂತು ಹೇಳಿದ. ನನ್ನ ಎದೆ ತುಂಬಿ ಬಂತು.

ಮಿಠಾಯಿಯ ಸಂಜೆ ಮುಗಿದರೆ ನಿಮ್ಮ ಕೆಲಸ ಮುಗಿಯಲಿಲ್ಲ, ತಂಗಿ. ನವೆಂಬರ್ 2, ಮೃತರ ದಿನ, ಇಲ್ಲಿ ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಅಜ್ಜನ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದನ್ನು ನನ್ನ ಮಗ ಒಮ್ಮೆಯೂ ಕಂಡಿಲ್ಲ. ಊರಿನವರು ಸಮಾಧಿಗಳ ಬಳಿ ನಿಂತಿರುವಾಗ ವಿಡಿಯೋ ಕರೆ ಮಾಡಿ. ಅಲ್ಲಿ ಸಂಜೆ ಐದಾದರೆ ನಿಮಗೆ ಬೆಳಗ್ಗೆ ಆರೂವರೆ; ಚಳಿಗಾಲಕ್ಕೆಂದು ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುವ ಭಾನುವಾರ ಬಂದಿದ್ದರೆ ಐದೂವರೆ. ನಿದ್ದೆಗಣ್ಣಿನಲ್ಲಿದ್ದರೂ ಸರಿ, ಮಗಳನ್ನು ಎಬ್ಬಿಸಿ ತೋರಿಸಿ.