ನಂಬಿಕೆ ಕಮ್ಮಿ ಆಗಿದ್ದಕ್ಕೆ ಅವ್ವ ಗುಣವಾಗಲಿಲ್ಲವೇ?

ನಮಸ್ಕಾರ ರೀ. ಲಕ್ವಾ ಹೊಡೆದ ಅವ್ವನಿಗಾಗಿ ಎರಡು ವರ್ಷ ಪ್ರಾರ್ಥಿಸಿದರೂ ಗುಣವಾಗಿಲ್ಲ, "ನಿನ್ನ ನಂಬಿಕೆ ಸಾಲದು" ಅಂತ ಸಂಬಂಧಿಕರು ಹೇಳುತ್ತಾರೆ, ನಿಜವಾ ಅಂತ ಬಾಗಲಕೋಟೆಯಿಂದ ಕೇಳಿದ್ದೀರಿ. ನನ್ನ ಪ್ರಕಾರ ಅಲ್ಲ. ಹಾಗೆ ಹೇಳುವುದು ಕ್ರೂರ ಕೂಡ.

ಬೈಬಲ್‌ನಲ್ಲಿ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ ಓದಿ ನೋಡಿ. ಕಪೆರ್ನೌಮ್ ಅನ್ನೋ ಊರಲ್ಲಿ ಯೇಸು ಇದ್ದ ಮನೆಗೆ ನಾಲ್ವರು ಲಕ್ವಾ ಹೊಡೆದವನೊಬ್ಬನನ್ನು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನವೋ ಜನ. ಮಾಳಿಗೆ ಹತ್ತಿ, ಅಗೆದು, ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ವಿಜಯಪುರದ ಹಳ್ಳಿಯಲ್ಲಿ ಮಣ್ಣಿನ ಮಾಳಿಗೆ ಮನೆಯಲ್ಲೇ ಬೆಳೆದ ನನಗೆ ಇದು ಕಣ್ಣಿಗೆ ಕಟ್ಟಿದ ಹಾಗಿದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವ ಕಷ್ಟ ಗೊತ್ತಲ್ವಾ? ಮನೆಯ ಯಜಮಾನ ಎಷ್ಟು ಬೈದನೋ, ಮಾರ್ಕ ಬರೆದಿಲ್ಲ! ಯೇಸು ನೋಡಿದ್ದು "ಅವರ" ನಂಬಿಕೆ. ರೋಗಿ ಒಂದು ಮಾತೂ ಆಡಿದ ಹಾಗಿಲ್ಲ. ಆದರೂ ಮೊದಲು ಕ್ಷಮೆ ಸಿಕ್ಕಿತು, ಆಮೇಲೆ ಎದ್ದು ನಡೆದ. ಕೃಪೆ ಅಂದರೆ ನನಗೆ ಇದೇ.

9ನೇ ಅಧ್ಯಾಯದಲ್ಲಿ ಮಗನಿಗಾಗಿ ಬಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಅಂತ ಕೂಗುತ್ತಾನೆ. ಅರ್ಧಂಬರ್ಧ ನಂಬಿಕೆಯೇ. ಯೇಸು ವಾಪಸ್ ಕಳಿಸಲಿಲ್ಲ, ಹುಡುಗ ಗುಣವಾದ.

ಇನ್ನು ಗೆತ್ಸೆಮನೆ, ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ತೋಟ. ಈ ಪಾತ್ರೆ, ಅಂದರೆ ಬರಲಿರುವ ಸಂಕಟ, ನನ್ನಿಂದ ತೊಲಗಲಿ ಅಂತ ಯೇಸುವೇ ಬೇಡಿಕೊಂಡರು. ತೊಲಗಲಿಲ್ಲ. ಅವರಿಗೂ ನಂಬಿಕೆ ಸಾಲಲಿಲ್ಲ ಅನ್ನುತ್ತಾರಾ ನಿಮ್ಮ ಸಂಬಂಧಿಕರು?

ಅವ್ವ ಯಾಕೆ ಗುಣವಾಗಿಲ್ಲ ಅನ್ನೋದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಪ್ರಾರ್ಥಿಸಿ ಸುಸ್ತಾಗಿದ್ದರೆ ಸ್ವಲ್ಪ ದಿನ ಹಾಸಿಗೆಯ ಒಂದು ಮೂಲೆಯನ್ನು ಬೇರೆಯವರು ಹಿಡಿಯಲಿ, ಬಿಡಿ. ಫಿಸಿಯೋಥೆರಪಿ ಮಾತ್ರ ನಿಲ್ಲಿಸಬೇಡಿ.