ಆಟಿಸಂ ಇರುವ ಮಗನನ್ನು ವಂಡರ್‌ಲಾಗೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ಆಟಿಸಂ ಇದೆ. ಮಾತು ಕಡಿಮೆ, ಆದರೆ ಹೇಳಿದ್ದು ಅರ್ಥವಾಗುತ್ತದೆ. ನೀರು ಅಂದರೆ ಪ್ರಾಣ. ಗದ್ದಲ ಕಂಡರೆ ಆಗದು, ಸಾಲಿನಲ್ಲಂತೂ ನಿಲ್ಲುವುದೇ ಇಲ್ಲ. ಬಿಡದಿಯ ವಂಡರ್‌ಲಾಗೆ ಹೋಗೋಣ ಅಂತ ಅವನ ಅಕ್ಕ ಎರಡು ವರ್ಷದಿಂದ ಕೇಳುತ್ತಿದ್ದಾಳೆ. ಇವನನ್ನು ಅಜ್ಜಿ ಹತ್ತಿರ ಬಿಟ್ಟು ಹೋಗಿ ಅನ್ನುತ್ತಾರೆ ಎಲ್ಲರೂ. ಏನು ಮಾಡಲಿ ಮೇಡಂ? – ಒಬ್ಬ ತಾಯಿ, ಮಂಡ್ಯ

ಉತ್ತರ: ದಯವಿಟ್ಟು ಬಿಟ್ಟು ಹೋಗಬೇಡಿ. ನೀರು ಅಂದರೆ ಪ್ರಾಣ ಅನ್ನುವ ಮಗುವಿಗೆ ಆ ಜಾಗದಲ್ಲಿ ಸಿಗುವ ಖುಷಿ ದೊಡ್ಡದು.

ಮಕ್ಕಳಿಗೆ ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ನಾನು ನೋಡಿರುವುದು ಇಷ್ಟು: ಇಂಥ ಮಕ್ಕಳಿಗೆ ರೈಡ್‌ಗಿಂತ ಕಾಯುವುದೇ ಜಾಸ್ತಿ ಕಷ್ಟ. ಹಾಗಾಗಿ ದಸರಾ ರಜೆ, ಬೇಸಿಗೆ ರಜೆ, ಶನಿವಾರ, ಭಾನುವಾರ ಬೇಡ. ವಾರದ ನಡುವೆ ಒಂದು ದಿನ ಮಗಳಿಗೆ ಶಾಲೆ ತಪ್ಪಿದರೂ ಪರವಾಗಿಲ್ಲ. ಗೇಟು ತೆಗೆಯುವ ಹೊತ್ತಿಗೇ ಅಲ್ಲಿರಿ. ಕೈ ಬಿಗಿಯಿಲ್ಲದಿದ್ದರೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತೆಗೆದುಕೊಳ್ಳಿ, ಸಾಲು ಚಿಕ್ಕದಾಗುತ್ತದೆ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಆಟಿಸಂ ಇರುವವರು ಸಾಲಿನ ಹೊರಗೆ ಕಾದು, ತಮ್ಮ ಸಮಯಕ್ಕೆ ಬರುವ ವ್ಯವಸ್ಥೆ ಇದೆ. ಇಲ್ಲೂ ಮುಂಚೆಯೇ ಫೋನ್ ಮಾಡಿ, ಏನು ಅನುಕೂಲ ಮಾಡಿಕೊಡುತ್ತೀರಿ ಅಂತ ಕೇಳಿ. ಸಂಕೋಚ ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಆಟ, ಮನರಂಜನೆಯನ್ನೂ ಆ ಕಾಯ್ದೆ ಹಕ್ಕು ಎಂದೇ ನೋಡುತ್ತದೆ. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಜೊತೆಗಿರಲಿ.

ತಯಾರಿ ಮನೆಯಲ್ಲೇ ಶುರುವಾಗಬೇಕು. ನೀರಿನ ಆಟಕ್ಕೆ ನೈಲಾನ್‌ನಂಥ ಸಿಂಥೆಟಿಕ್ ಬಟ್ಟೆಯೇ ಬೇಕು, ಕಾಟನ್ ಬಿಡುವುದಿಲ್ಲ. ಮೈಗಂಟುವ ಆ ಒದ್ದೆ ಬಟ್ಟೆ ಎಷ್ಟೋ ಮಕ್ಕಳಿಗೆ ಹಿಂಸೆ. ಒಂದು ವಾರ ಬಚ್ಚಲಲ್ಲಿ ಅದನ್ನೇ ಹಾಕಿಸಿ ಸ್ನಾನ ಮಾಡಿಸಿ. ಕೆಲವು ರೈಡ್‌ಗಳಿಗೆ ಕನಿಷ್ಠ ಇಷ್ಟು ಎತ್ತರ ಇರಬೇಕು ಅಂತ ಇರುತ್ತದೆ, ಅವನ ಎತ್ತರವನ್ನೂ ಅಳೆದುಕೊಳ್ಳಿ. ಎತ್ತರ ಸಾಲದ ರೈಡ್ ಹತ್ತಿರ ಅವನನ್ನು ಕರೆದುಕೊಂಡೇ ಹೋಗಬೇಡಿ. ಅಷ್ಟು ದೂರ ಹೋಗಿ ವಾಪಸ್ ಬರುವುದು ಅವನಿಗೆ ಹೇಗೆ ಅರ್ಥವಾಗಬೇಕು, ಅಲ್ವಾ? ರೈಡ್‌ಗಳ ವಿಡಿಯೋ ತೋರಿಸಿ. ‘ಮೊದಲು ದೋಣಿ, ಆಮೇಲೆ ಊಟ, ಆಮೇಲೆ ಕಾರು’ ಅಂತ ಚಿತ್ರದ ಕಾರ್ಡ್ ಮಾಡಿಕೊಳ್ಳಿ. ಕಿವಿ ಮುಚ್ಚುವ ಹೆಡ್‌ಫೋನ್ ಮರೆಯಬೇಡಿ. ಟಾಯ್ಲೆಟ್‌ನಲ್ಲಿ ಕೈ ಒಣಗಿಸುವ ಮಷೀನಿನ ಸದ್ದಿಗೇ ಬೆದರುವ ಮಕ್ಕಳಿದ್ದಾರೆ. ಅವನು ಮೊಸರನ್ನ ಬಿಟ್ಟು ಬೇರೇನೂ ತಿನ್ನದಿದ್ದರೆ, ಡಬ್ಬಿ ತರಲು ಫೋನಿನಲ್ಲೇ ಅನುಮತಿ ಕೇಳಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಆಟಿಸಂ ಇರುವ ಎಷ್ಟೋ ಮಕ್ಕಳು ನೀರು ಕಂಡ ಕಡೆ ಓಡುತ್ತಾರೆ, ಅಪಾಯ ಗೊತ್ತಾಗುವುದಿಲ್ಲ. ಅಲೆ ಏಳುವ ಕೊಳದಲ್ಲಿ (ವೇವ್ ಪೂಲ್) ಒಬ್ಬರು ಸದಾ ಅವನ ಕೈಗೆ ಸಿಗುವಷ್ಟು ಹತ್ತಿರ ಇರಲೇಬೇಕು. ಒದ್ದೆಯಾದರೂ ಹಾಳಾಗದ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಬರೆದು ಅವನ ಮಣಿಕಟ್ಟಿಗೆ ಕಟ್ಟಿ.

ಅವನಿಗೆ ಮಧ್ಯಾಹ್ನ ಮೂರು ಗಂಟೆಗೇ ಸಾಕಾಗಬಹುದು. ಅದಕ್ಕೇ ಇಬ್ಬರು ದೊಡ್ಡವರು ಹೋಗಿ. ಅವನು ಕಿವಿ ಮುಚ್ಚಿಕೊಳ್ಳಲು ಶುರು ಮಾಡಿದ ತಕ್ಷಣ, ಅಳು ಬರುವ ಮುಂಚೆಯೇ, ಒಬ್ಬರು ಅವನನ್ನು ಹೊರಗೆ ಕರೆದುಕೊಂಡು ಬನ್ನಿ. ಇನ್ನೊಬ್ಬರು ಸಂಜೆವರೆಗೂ ಅಕ್ಕನ ಜೊತೆ ಉಳಿಯಲಿ. ಎರಡು ವರ್ಷ ಕಾದವಳು ಅವಳು. ಈ ಏರ್ಪಾಡನ್ನು ಹೊರಡುವ ಹಿಂದಿನ ರಾತ್ರಿಯೇ ಅವಳಿಗೆ ಹೇಳಿಬಿಡಿ.