4 ಟಿಬಿ ಸಾಕಾ ಅಂತ ಕೇಳೋರಿಗೆ

ಪ್ರಶ್ನೆ: ಮುಂಬೈಯ ಫೋರ್ಟ್‌ನಲ್ಲಿ ನಮ್ದು ಸಿಎ ಆಫೀಸು. ಟ್ಯಾಲಿ, ಸ್ಕ್ಯಾನ್ ಪಿಡಿಎಫ್ ಎಲ್ಲಾ ಸೇರಿ 2 ಟಿಬಿ. ಬ್ಯಾಕಪ್ ಸರ್ವರ್‌ಗೆ 4 ಟಿಬಿ ಸಾಕಲ್ವಾ, ಡಬಲ್ ಆಯ್ತಲ್ಲ? – ಡೊಂಬಿವಲಿಯ ಓದುಗರು

ಉತ್ತರ: ಸಾಕಾಗೋದಿಲ್ಲ ಮಾರಾಯ್ರೇ. ಈ ಡಬಲ್ ಲೆಕ್ಕ ಕೇಳಿ ಕೇಳಿ ನನಗೆ ಸಾಕಾಗಿದೆ. ಹೊಸ ಫುಲ್ ಬ್ಯಾಕಪ್, ಅಂದ್ರೆ ಎಲ್ಲಾ ಡೇಟಾದ ಪೂರ್ತಿ ಕಾಪಿ, ಮುಗಿದು ಸರಿ ಉಂಟು ಅಂತ ಗೊತ್ತಾಗೋ ತನಕ ಹಳೇದನ್ನ ಅಳಿಸೋ ಹಾಗಿಲ್ಲ, ಅಂದ್ರೆ ಒಂದು ಹೊತ್ತಲ್ಲಿ ಎರಡು ಫುಲ್ ಇರ್ಲೇಬೇಕು, ನಿಮ್ಮ 4 ಟಿಬಿ ಅಲ್ಲೇ ಖಾಲಿ. ದಿನಾ 15 ಜಿಬಿ ಬದಲಾಗ್ತದೆ ಅಂತಿಟ್ಕೊಳ್ಳಿ, ಆ ಬದಲಾದದ್ದನ್ನ 30 ದಿನದ್ದು ಇಟ್ರೆ ಮತ್ತೆ 450 ಜಿಬಿ. ಇದು ಇವತ್ತಿನ ಲೆಕ್ಕ ಅಷ್ಟೇ. ವರ್ಷಕ್ಕೆ ಕಾಲು ಭಾಗ ಬೆಳೆದ್ರೆ ಮೂರು ವರ್ಷಕ್ಕೆ 2 ಇದ್ದದ್ದು 3.9 ಆಗ್ತದೆ, ಎರಡು ಫುಲ್ಲಿಗೆ 7.8, ದಿನದ್ದು ಕೂಡ ಡಬಲ್ ಆಗಿ 0.9, ಒಟ್ಟು 8.7. ಅದರ ಮೇಲೆ ವಾಲ್ಯೂಮಲ್ಲಿ (ಬ್ಯಾಕಪ್ ಇಡೋ ಡಿಸ್ಕಿನ ಜಾಗದಲ್ಲಿ) 20 ಪರ್ಸೆಂಟ್ ಖಾಲಿ ಬಿಡಿ, 10.9 ಆಯ್ತು. 12 ಟಿಬಿ ಅಂತ ಮಾರೋ ಡಿಸ್ಕು ವಿಂಡೋಸಲ್ಲಿ ತೋರಿಸೋದೇ 10.9, ಯಾಕಂದ್ರೆ ಕಂಪನಿಯವರು 1000ದಲ್ಲಿ ಎಣಿಸ್ತಾರೆ, ವಿಂಡೋಸು 1024ರಲ್ಲಿ. ಹಾಗಾಗಿ 12ರದ್ದು ಎರಡು ತಗೊಂಡು ಮಿರರ್ ಮಾಡಿ, ಅಂದ್ರೆ ಎರಡರಲ್ಲೂ ಅದೇ ಡೇಟಾ ಬೀಳೋ ಹಾಗೆ. ಎಸ್‌ಎಂಆರ್ ಡಿಸ್ಕ್ (ಡೇಟಾದ ಗೆರೆಗಳನ್ನ ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಬರೆಯೋದು) ಬೇಡ, ಗೆರೆಗಳನ್ನ ಬೇರೆ ಬೇರೆಯಾಗಿ ಬರೆಯೋ ಸಿಎಂಆರ್ ಅಂತ ಕೇಳಿಯೇ ತಗೊಳ್ಳಿ. ಒಂದು ಡಿಸ್ಕ್ ಹೋದಾಗ ಹೊಸದಕ್ಕೆ ಡೇಟಾ ತುಂಬೋಕೆ ಎಸ್‌ಎಂಆರ್ ದಿನಗಟ್ಟಲೆ ಎಳೀತದೆ, ಅಷ್ಟು ಹೊತ್ತೂ ನಿಮ್ಮ ಕೈಲಿ ಒಂದೇ ಕಾಪಿ.

ಕಂಪ್ರೆಷನ್ ಹಾಕಿದ್ರೆ ಅರ್ಧ ಆಗ್ತದೆ ಅಂತ ಅಂಗಡಿಯವ್ರು ಹೇಳ್ತಾರೆ, ನಂಬಬೇಡಿ. ಸ್ಕ್ಯಾನ್ ಪಿಡಿಎಫ್ ಮೊದಲೇ ಕಂಪ್ರೆಸ್ ಆಗಿರ್ತದೆ, ಅದರಲ್ಲಿ ಇನ್ನು ಹಿಂಡೋಕೆ ಏನೂ ಉಳಿದಿರೋದಿಲ್ಲ.

ವಾಲ್ಯೂಮ್ ತುಂಬಿದ್ರೆ ಏನಾಗ್ತದೆ ಅಂತ ನಾನೇ ಕಣ್ಣಾರೆ ನೋಡಿದ್ದೇನೆ. ಜುಲೈ ಕೊನೆ, ರಿಟರ್ನ್ ಫೈಲ್ ಮಾಡೋ ಗಡಿಬಿಡಿ, ಒಂದು ಆಫೀಸಲ್ಲಿ ಯಾರೋ ಒಂದಿಡೀ ಫೋಲ್ಡರ್ ಅಳಿಸಿಬಿಟ್ರು. ಬ್ಯಾಕಪ್ ಲಾಗ್ ತೆಗೆದ್ರೆ 19 ರಾತ್ರಿ ಸಾಲಾಗಿ ಕೆಂಪು, ಎಲ್ಲದರಲ್ಲೂ ಜಾಗ ಇಲ್ಲ ಅನ್ನೋ ಒಂದೇ ಎರರ್. ಆ 19 ದಿನದ ಕೆಲಸವನ್ನ ಹುಡುಗರು ಕೂತು ಕೈಯಲ್ಲಿ ಮತ್ತೆ ಎಂಟ್ರಿ ಮಾಡಿದ್ರು. 80 ಪರ್ಸೆಂಟಿಗೆ ಅಲರ್ಟ್ ಮೇಲ್ ಹಾಕೋಕೆ ಹತ್ತು ನಿಮಿಷ ಸಾಕಿತ್ತು, ಈಗಲೂ ನೆನೆಸಿದ್ರೆ ಹೊಟ್ಟೆ ಉರೀತದೆ.

ಇನ್ನೊಂದು ಕಾಪಿ ಆಫೀಸಿಂದ ಹೊರಗೆ ಇರ್ಲಿ. 2005ರ ಜುಲೈ 26ಕ್ಕೆ ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಗ್ರೌಂಡ್ ಫ್ಲೋರಲ್ಲಿ ಸರ್ವರ್, ಅದರ ಪಕ್ಕದಲ್ಲೇ ಬ್ಯಾಕಪ್ ಇಟ್ರೆ ನೀರು ಬಂದಾಗ ಎರಡೂ ಒಟ್ಟಿಗೇ ಹೋಗ್ತದೆ.

ಪ್ರಶ್ನೆ: ರೇಡ್ (ಮಿರರ್ ಥರ ಡಿಸ್ಕುಗಳನ್ನ ಜೋಡಿಸೋದು) ಇದ್ದ ಮೇಲೆ ಬ್ಯಾಕಪ್ ಯಾಕೆ?
ಉತ್ತರ: ನೀವು ಅಳಿಸಿದ ಫೈಲು ಎರಡೂ ಡಿಸ್ಕಲ್ಲಿ ಒಟ್ಟಿಗೇ ಹೋಗ್ತದೆ, ಅದಕ್ಕೆ.

ಪ್ರಶ್ನೆ: ಕೆಟ್ಟ ಡಿಸ್ಕನ್ನ ಫ್ರೀಜರಲ್ಲಿಟ್ರೆ ಡೇಟಾ ಬರ್ತದಂತೆ?
ಉತ್ತರ: ಇಡಬೇಡಿ. ಮುಂಬೈಯ ಈ ತೇವಕ್ಕೆ ಹೊರಗೆ ತೆಗೆದ ಕೂಡ್ಲೇ ನೀರು ಕಟ್ತದೆ. ಪವರ್ ತೆಗೆದು, ಹಾಗೇ ಒಳ್ಳೇ ಡೇಟಾ ರಿಕವರಿ ಲ್ಯಾಬಿಗೆ ಕೊಡಿ.